ಅರ್ಧ ಇಂಚು ಬಿಟ್ಟ ಗ್ರಂಥಾಲಯ

ಟೈಲರ್ ಮಾಸ್ಟರು ಮೂವತ್ತೆರಡು ವರ್ಷಗಳಲ್ಲಿ ಒಂದು ದಿನವೂ ಗೆರೆಯ ಮೇಲೆ ಕತ್ತರಿ ಆಡಿಸಿದವರಲ್ಲ. ಗೆರೆಯಿಂದ ಅರ್ಧ ಇಂಚು ಆಚೆ, ಅದು ಹೊಲಿಗೆಗೆ. ಗಿರಾಕಿ ತುಸು ದುಂಡಗಿದ್ದರೆ ಇನ್ನೂ ಅರ್ಧ ಇಂಚು. ಅದು ಮುಂದಿನ ಹತ್ತು ವರ್ಷದ ಹೊಟ್ಟೆಗೆ. ನಮ್ಮಂಥವರ ಮಾನ ಇಂದಿಗೂ ಉಳಿದಿರುವುದು ಆ ಇನ್ನರ್ಧ ಇಂಚಿನ ದಯೆಯಿಂದ.

ಅವರ ಮಗಳು ಕಟ್ಟಡ ವಿನ್ಯಾಸ ಓದುತ್ತಿದ್ದಳು. ಕೊನೆಯ ವರ್ಷದ ಪರೀಕ್ಷೆಗೆ ದಪ್ಪ ರಟ್ಟಿನಲ್ಲಿ ಒಂದು ಗ್ರಂಥಾಲಯದ ಮಾದರಿ ಮಾಡಬೇಕು, ಅಸಲಿನ ನೂರರಲ್ಲೊಂದು ಪಾಲು. ಅಂದೇ ಮಧ್ಯಾಹ್ನ ಮೂರಕ್ಕೆ ಒಪ್ಪಿಸದಿದ್ದರೆ ಒಂದು ವರ್ಷ ಗೋತಾ. ಬೆಳಿಗ್ಗೆ ಹತ್ತಾದರೂ ಚಾವಣಿ ಮತ್ತು ಒಳಗಿಡುವ ಪುಟಾಣಿ ಮೇಜುಗಳಷ್ಟೇ ಸಿದ್ಧ, ಗೋಡೆಗಳಿಗೆ ಇನ್ನೂ ಪತ್ತೆಯಿಲ್ಲ. ಅಂಗಡಿಯ ಕಟಿಂಗ್ ಮೇಜನ್ನು ಅವಳಿಗೆ ಬಿಟ್ಟುಕೊಟ್ಟು ಸುಮ್ಮನೆ ನಿಂತಿದ್ದ ಮಾಸ್ಟರಿಗೆ ಕೈ ಕಡಿಯತೊಡಗಿತು.

"ಕತ್ತರಿಸೋದು ನಂಗೆ ಬಿಡು. ನೀನು ಗೆರೆ ಹಾಕು, ಅಂಟಿಸು."

ಆಮೇಲೆ ನೋಡಬೇಕಿತ್ತು. ಅವಳು ಗೆರೆ ಎಳೆಯುವುದು, ಇವರು ಸರ್ರನೆ ಬ್ಲೇಡು ಎಳೆಯುವುದು, ಅವಳು ಅಂಟು ಬಳಿದು ನಿಲ್ಲಿಸುವುದು. ಚಹಾ ತಂದ ಹೆಂಡತಿ, ಮದುವೆಯ ದಿನವೂ ಈ ಮುಖದಲ್ಲಿ ಇಷ್ಟು ಕಳೆ ಇರಲಿಲ್ಲ ಎಂದು ಹೇಳಿಯೇ ಹೋದರು. ಹನ್ನೆರಡೂವರೆಗೆ ನಾಲ್ಕು ಗೋಡೆಗಳೂ ಕಲ್ಲಿನ ಹಾಗೆ ಗಟ್ಟಿ. ಮಗಳು ಉಸಿರು ಬಿಗಿಹಿಡಿದು ಚಾವಣಿ ಇಟ್ಟಳು. ಅದು ಗೋಡೆಗಳ ಮೇಲೆ ಕೂರದೆ ಸೀದಾ ಒಳಕ್ಕೆ ಬಿತ್ತು.

"ಅಪ್ಪಾ, ಗೆರೆ ಮೇಲೇ ಕತ್ತರಿಸಿದ್ಯಲ್ವಾ?"

"ಗೆರೆ ಮೇಲೆ ಯಾರಮ್ಮಾ ಕತ್ತರಿಸ್ತಾರೆ? ಹೊಲಿಗೆಗೆ ಅಂತ ಅರ್ಧ ಇಂಚು..." ಎಂದವರು ಅಲ್ಲಿಗೇ ನಾಲಿಗೆ ಕಚ್ಚಿಕೊಂಡರು.

ಆ ಕಡೆ ಅರ್ಧ, ಈ ಕಡೆ ಅರ್ಧ, ಒಟ್ಟು ಒಂದು ಇಂಚು. ಮಗಳ ಲೆಕ್ಕದಲ್ಲಿ ಅದು ಅಸಲಿ ಕಟ್ಟಡದ ಎಂಟು ಅಡಿಗೂ ಮೇಲೆ. ಗೋಡೆ ಕಿತ್ತರೆ ಹರಿದುಹೋಗುತ್ತದೆ, ಹೊಸ ರಟ್ಟು ಇಲ್ಲ. ಅವಳು ಸ್ಟೂಲಿನ ಮೇಲೆ ಕುಸಿದಳು.

ಮಾಸ್ಟರು ಮಾತ್ರ ಚಾವಣಿಯನ್ನೇ ದಿಟ್ಟಿಸುತ್ತಿದ್ದರು. ಬಿಗಿಯಾದ ರವಿಕೆ ತಂದವರಿಗೆ ಆಗಲ್ಲ ಅಂತ ಅವರು ಎಂದೂ ವಾಪಸು ಕೊಟ್ಟದ್ದಿಲ್ಲ. ಬಿಚ್ಚಿ, ನಡುವೆ ಒಂದು ಪಟ್ಟಿ ಕೊಟ್ಟರಾಯಿತು.

"ಇದನ್ನ ಉದ್ದಕ್ಕೊಂದು ಸಲ, ಅಡ್ಡಕ್ಕೊಂದು ಸಲ ಸೀಳ್ತೀನಿ. ಹೆದರ್ಬೇಡ."

ಅವಳು ಹೆದರಿ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಚಾವಣಿ ನಾಲ್ಕು ತುಂಡಾಗಿ ನಾಲ್ಕು ಮೂಲೆಗಳಲ್ಲಿತ್ತು. ನಡುವಿನ ಸಂದಿಗೆ ಅಪ್ಪ ಹೊಸ ಅಂಗಿಯ ಪೆಟ್ಟಿಗೆಯ ಪಾರದರ್ಶಕ ಹಾಳೆ ಅಂಟಿಸುತ್ತಿದ್ದರು. ಕಿಟಕಿಯ ಬಿಸಿಲು ಅದರಿಂದ ಇಳಿದು, ಒಳಗಿನ ಪುಟಾಣಿ ಓದುವ ಮೇಜುಗಳ ಮೇಲೆ ಉದ್ದಕ್ಕೆ ಬಿದ್ದಿತು. ಇಬ್ಬರೂ ತಲೆಗೆ ತಲೆ ತಾಗಿಸಿ ಇಣುಕಿದರು. ಗಡಿಯಾರ ಎರಡು ಹೊಡೆದ ಮೇಲೆಯೇ ಎಚ್ಚರವಾದದ್ದು.

ಕಾಲೇಜಿನಲ್ಲಿ ಪರೀಕ್ಷಕರು ಅಳತೆಪಟ್ಟಿ ಇಟ್ಟೇ ಇಟ್ಟರು. ಮಗಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಾಸ್ಟರು ವರಾಂಡದಲ್ಲಿ ಶತಪಥ ಹಾಕುತ್ತಿದ್ದರು. ನಲವತ್ತು ನಿಮಿಷದ ಮೇಲೆ ಅವಳು ಓಡಿಬಂದಳು.

"ಪಾಸ್! ಅಳತೆಗೆ ಮಾರ್ಕ್ಸ್ ಹೋಯ್ತು, ಬೆಳಕಿಗೆ ಬಂತು. ನಕ್ಷೆಯನ್ನೇ ಮಾದರಿಗೆ ತಕ್ಕ ಹಾಗೆ ತಿದ್ದಿ ತಾ ಅಂದ್ರು."

ಮಾಸ್ಟರು ಕಣ್ಣೊರೆಸಿಕೊಂಡು, ಅದನ್ನು ಎಲ್ಲಿ ಕಟ್ಟುತ್ತಾರೆ ಎಂದು ಕೇಳಿದರು.

"ಎಲ್ಲೂ ಇಲ್ಲಪ್ಪ. ಬರೀ ಪರೀಕ್ಷೆಗೆ."

"ಅಂದ್ರೆ ಹಾಕ್ಕೊಳ್ಳೋರೇ ಇಲ್ದೆ ಹೊಲಿದ್ವಾ?" ಎಂದರು ಮಾಸ್ಟರು. ಮಗಳು ನಕ್ಕ ಸದ್ದಿಗೆ ಪರೀಕ್ಷಕರು ಬಾಗಿಲಿಂದ ತಲೆ ಹೊರಹಾಕಿ ನೋಡಿದರು.