ಶೇಂಗಾ ಇರಬಹುದು

"ಶೇಂಗಾ ಇರಬಹುದು" ಎಂದರು ಹರಪನಹಳ್ಳಿಯ ಚರ್ಮದ ಡಾಕ್ಟರು. "ಖಾತ್ರಿ ಇಲ್ಲ. ಒಂದಿಷ್ಟು ವಾರ ಅದನ್ನ ತಿನ್ನೋದು ಬಿಡಿಸಿ ನೋಡ್ರಿ, ಮುಲಾಮು ಮಾತ್ರ ತಪ್ಪಿಸಬ್ಯಾಡ್ರಿ" ಅಂತಲೂ ಅಂದರು. ನನಗೆ ಕೇಳಿಸಿದ್ದು ಶೇಂಗಾ ಒಂದೇ. ಆರು ವರ್ಷದ ಮಗಳು ಮೊಣಕಾಲ ಹಿಂದಿನ ಇಸುಬು ಕೆರೆದು ಕೆರೆದು ರಕ್ತ ಮಾಡಿಕೊಳ್ಳುವುದನ್ನು ನೋಡಿ ಸಾಕಾಗಿತ್ತು. ಯಾರನ್ನಾದರೂ ಹಿಡಿದು ಬಡಿಯಬೇಕಿತ್ತು.

ನಮ್ಮ ಹಿರೇಹಡಗಲಿಯಲ್ಲಿ ಶೇಂಗಾ ಇಲ್ಲದ ಅಡಿಗೆಯೇ? ಪಲ್ಯಕ್ಕೆ ಅದರ ಪುಡಿ, ರೊಟ್ಟಿಗೆ ಅದರ ಚಟ್ನಿ, ಒಗ್ಗರಣೆ ಮಂಡಕ್ಕಿಗೂ ಅದೇ. ಡಬ್ಬಿಗಳನ್ನೆಲ್ಲ ತೊಳೆದು ಬೋರಲು ಹಾಕಿದೆ. ಅತ್ತೆ ಹಣೆ ಚಚ್ಚಿಕೊಂಡರು.

"ಬದನಿಕಾಯಿ ನಂಜು ಅಂದ್ರ ಒಪ್ಪೇನು. ಶೇಂಗಾ ಯಾವಾಗ ನಂಜಾತು? ನಿನ್ನ ಗಂಡ ಇದನ್ನ ತಿಂದು ಕಂಬದಂಗ ಬೆಳದಾನ!"

"ಅವರದು ಎಮ್ಮಿ ಚರ್ಮ ಬಿಡ್ರಿ ಅತ್ತಿ" ಎಂದೆ. ಎಲುಬಿಲ್ಲದ ನಾಲಿಗೆ ನನ್ನದು.

ಇಸುಬು ತಣ್ಣಗಾಯಿತು. ಗೆದ್ದೆ ಅಂದುಕೊಂಡೆ. ಚಳಿ ಬಿತ್ತು ನೋಡಿ, ಒಂದು ಕಾಳೂ ತಿನ್ನದೆ ಮತ್ತೆ ಕೆಂಪಗೆ ಎದ್ದಿತು. ಅವತ್ತಿನಿಂದ ನನಗೆ ದೆವ್ವ ಮೆಟ್ಟಿಕೊಂಡ ಹಾಗಾಯಿತು. ಪಕ್ಕದ ಮನೆಯ ಒಗ್ಗರಣೆಯಲ್ಲಿ, ಬಸ್ಸಿನ ಸೀಟಿನಲ್ಲಿ, ಗಂಡನ ಅಂಗಿಯಲ್ಲಿ, ಎಲ್ಲೆಲ್ಲೂ ಶೇಂಗಾ ವಾಸನೆ. ಶಾಲೆಯಿಂದ ಬಂದ ಮಗಳನ್ನು ಬಾಗಿಲಲ್ಲೇ ತಡೆದು ಬಾಯಿ ಮೂಸುತ್ತಿದ್ದೆ.

"ಖರೇ ಹೇಳು, ಯಾರು ಕೊಟ್ರು? ಅಜ್ಜಿ ಕೊಟ್ಟಳಾ?"

ಅವಳು ಇಲ್ಲ ಅಂದರೂ ಕೇಳದೆ, ಅವಳೆದುರೇ ಅತ್ತೆಗೆ ಬಾಯಿಗೆ ಬಂದಂತೆ ಬೈದೆ. ಮೊಮ್ಮಗಳಿಗೆ ಕೈತುತ್ತು ಕೊಡುವುದನ್ನೇ ಅವರು ನಿಲ್ಲಿಸಿಬಿಟ್ಟರು.

ಕೊನೆಗೆ ಡಾಕ್ಟರು ಪರೀಕ್ಷೆ ಮಾಡಿಸಿದರು. ತಮ್ಮ ಕಣ್ಣೆದುರೇ ಮಗಳಿಗೆ ಸ್ವಲ್ಪ ಸ್ವಲ್ಪ ಶೇಂಗಾ ತಿನ್ನಿಸಿ, ಬಹಳ ಹೊತ್ತು ಕೂರಿಸಿ ನೋಡಿದರು. ಏನೂ ಆಗಲಿಲ್ಲ. ಮಗಳನ್ನು ಹೊರಗೆ ಕಳಿಸಿ ನನಗೊಬ್ಬಳಿಗೇ ಹೇಳಿದರು:

"ಶೇಂಗಾದ್ದಲ್ಲರಿ ಇದು. ಒಣ ಹವಾ ಇರಬಹುದು. ತಿನ್ಲಿ ಬಿಡ್ರಿ."

ಮತ್ತೆ ಇರಬಹುದು! ಮನೆಗೆ ಬಂದು ನಾನೇ ಶೇಂಗಾ ಹುರಿದು ಚಟ್ನಿ ಕುಟ್ಟಿದೆ. ಅಡಿಗೆಮನೆಯಲ್ಲೇ ಅತ್ತೆಯ ಕೈಗೆ ತಟ್ಟೆ ಕೊಟ್ಟು, "ಇವತ್ತು ನೀವ ತಿನ್ನಿಸ್ರಿ" ಎಂದೆ. ಅವರು ಕಣ್ಣೊರೆಸಿಕೊಂಡು ಪಡಸಾಲೆಗೆ ಹೋದರು.

ನೀರಿನ ಚೊಂಬು ಹಿಡಿದು ನಾನು ಹೊರಗೆ ಬಂದಾಗ ಮಗಳ ಬಾಯಲ್ಲಿ ಇನ್ನೂ ತುತ್ತಿತ್ತು. ನನ್ನನ್ನು ಕಂಡದ್ದೇ ತಟ್ಟೆ ಕಸಿದುಕೊಂಡು, ಅಜ್ಜಿಗೆ ಅಡ್ಡ ನಿಂತಳು.

"ಅಜ್ಜಿ ಕೊಟ್ಟಿಲ್ಲವ್ವಾ. ನಾನ ಕದ್ದು ತಿಂದೀನಿ."