ಅಗೆಯದೆ ಕಂಡ ಬೇರು

ಕಾಫಿ ತಳಿಶಾಸ್ತ್ರದಲ್ಲಿ ಹಣ್ಣಿನ ಗಾತ್ರಕ್ಕೆ ಮಾರುಹೋದವರು ಅನೇಕರು, ಬೀಜದ ಪರಿಮಳಕ್ಕೆ ಬಿರುದು ಕೊಟ್ಟವರು ಇನ್ನೂ ಅನೇಕರು. ಆದರೆ ಮಣ್ಣಿನೊಳಗೆ ಯಾರ ಕಣ್ಣಿಗೂ ಬೀಳದೆ ದುಡಿಯುವ ಬೇರಿಗಾಗಿ ಆಯುಷ್ಯವನ್ನೇ ಸವೆಸಿದವರು ನಮ್ಮ ದಕ್ ಲಕ್ ಕಾಫಿ ಸೀಮೆಯಲ್ಲಿ ಡಾ. ದ್ವಾನ್ ಥಿ ಮಿಯೆನ್ ಅವರೊಬ್ಬರೇ ಎಂದರೆ ಉತ್ಪ್ರೇಕ್ಷೆಯಾಗಲಾರದು. ಸಂಶೋಧನಾ ಕೇಂದ್ರದ ಬೇರು ವಿಭಾಗದ ಮುಖ್ಯಸ್ಥೆಯಾಗಿ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಪದವಿ ಪ್ರಶಸ್ತಿಗಳನ್ನು ಎಣಿಸುವ ಕೆಲಸವನ್ನು ಈ ಅಭಿನಂದನಾ ಸಂಪುಟದ ಇತರ ಲೇಖಕರು ಸೊಗಸಾಗಿ ಮಾಡಿದ್ದಾರೆ. ಇಲ್ಲಿ ಬರೆಯಹೊರಟಿರುವುದು ಒಂದು ಗಿಡದ ವಿಚಾರ. ಅದನ್ನು ಬಿಟ್ಟು ಮಿಯೆನ್ ಅವರನ್ನು ಅರಿಯಲು ಸಾಧ್ಯವಿಲ್ಲ. ಸಂತೋಷದಿಂದ ಹೇಳಿಕೊಳ್ಳುವ ವಿಚಾರವೂ ಅದಲ್ಲ.

ಉತ್ತರದ ಭತ್ತದ ಬಯಲಿನಿಂದ ಪದವಿ ಮುಗಿಸಿ ಬಂದ ತರುಣಿ, ಬಿಳಿ ಅಂಗಿ ತೊಟ್ಟು ಈ ಕೆಂಪು ಮಣ್ಣಿಗೆ ಇಳಿದದ್ದನ್ನು ನೆನೆದು ಹಳಬರು ಈಗಲೂ ನಗುತ್ತಾರೆ. ಆಗ ಬೇರನ್ನು ನೋಡಬೇಕೆಂದರೆ ಗಿಡವನ್ನು ಕೀಳಬೇಕಿತ್ತು, ಕಿತ್ತ ಗಿಡ ಬದುಕುತ್ತಿರಲಿಲ್ಲ. ಯಾವುದು ಒಳ್ಳೆಯ ಬೇರೆಂದು ತಿಳಿಯುವಷ್ಟರಲ್ಲಿ ಅದು ಸತ್ತಿರುತ್ತಿತ್ತು. ಮೊದಲ ದಿನ ಗುಂಡಿಯ ಪಕ್ಕ ಕಣ್ಣೊರೆಸಿಕೊಳ್ಳುತ್ತಿದ್ದ ಮಿಯೆನ್ ಅವರಿಗೆ ಅಂದಿನ ಮುಖ್ಯಸ್ಥರು, "ಅಳ್ತಾ ಕೂತ್ರೆ ವಿಜ್ಞಾನ ಆಗಲ್ಲ ತಂಗಿ, ಹಾರೆ ಹಿಡಿ" ಎಂದರಂತೆ. ಮಿಯೆನ್ ಹಾರೆ ಹಿಡಿದರು. ಆದರೆ ತಮ್ಮ ಕೈಕೆಳಗಿನ ಯಾರಿಗೂ ಆ ಮಾತನ್ನು ಅವರು ಎಂದೂ ಹೇಳಲಿಲ್ಲ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಶೀತಪೆಟ್ಟಿಗೆಯ ಬಾಗಿಲು ಹಾಕುವುದನ್ನು ಮರೆತು ಒಂದಿಡೀ ಋತುವಿನ ಎಲೆ ಮಾದರಿಗಳನ್ನು ಕೊಳೆಯಿಸಿದಾಗಲೂ, ಮಿಯೆನ್ ಅವರು ನಿರ್ದೇಶಕರ ಮುಂದೆ ಬಾಯಿತುಂಬ ಬೈದದ್ದು ಕರೆಂಟಿಗೆ.

ಅವರು ಸೇರಿದ ಕೆಲವೇ ವರ್ಷಗಳಲ್ಲಿ, ಹೊಳೆಯಾಚೆಯ ಏಡೆ ಬುಡಕಟ್ಟಿನ ಜನರ ಹಳ್ಳಿಯಲ್ಲಿ ಮರುನಾಟಿ ಮಾಡಿದ ರೊಬಸ್ಟಾ ತೋಟಗಳೆಲ್ಲ ಹಳದಿಗೆ ತಿರುಗಿದವು. ಹಳೆಯ ತೋಟದ ಮಣ್ಣಿನಲ್ಲಿ ಉಳಿದ ಸೂಕ್ಷ್ಮ ಹುಳುಗಳು ಎಳೆಯ ಬೇರುಗಳನ್ನು ತಿಂದುಹಾಕುತ್ತಿದ್ದವು. ಹ್ರೂಯಿ ಎಂಬ ಅಜ್ಜಿಯ ತೋಟದಲ್ಲಿ ಒಂದೇ ಒಂದು ಗಿಡ ಮಾತ್ರ ಹಸಿರಾಗಿ ನಿಂತಿತ್ತು. ಅಜ್ಜಿ ಅದನ್ನು ನೆಟ್ಟದ್ದು ತಮ್ಮ ಕಿರಿಮಗಳು ಹ್ಲುವೆ ತೀರಿಕೊಂಡ ವರ್ಷ. ಏಡೆಯವರಲ್ಲಿ ಮನೆ ಹೆಣ್ಣುಮಕ್ಕಳದ್ದು. ಕಂಬಗಳ ಮೇಲೆ ನಿಂತ, ಏಣಿ ಹತ್ತಿಯೇ ಒಳಹೋಗಬೇಕಾದ ಆ ಉದ್ದಮನೆ ಹ್ಲುವೆಗೆ ಸೇರಬೇಕಿತ್ತು. ಅವರ ಪದ್ಧತಿಯಂತೆ ಕೆಲವು ವರ್ಷ ಸಮಾಧಿಗೆ ಅನ್ನನೀರಿಟ್ಟು, ಕಡೆಗೊಮ್ಮೆ ಊರೆಲ್ಲ ಸೇರಿ ಹಬ್ಬ ಮಾಡಿ, ಸತ್ತವರನ್ನು ಬೀಳ್ಕೊಟ್ಟು ಬಂದರೆ ಮತ್ತೆ ಅತ್ತ ಯಾರೂ ಹೋಗುವಂತಿಲ್ಲ. ಹಾಗೆ ಸಮಾಧಿಯನ್ನೂ ಬಿಟ್ಟುಕೊಟ್ಟ ತಾಯಿಗೆ ಮಗಳ ಹೆಸರಿನಲ್ಲಿ ಉಳಿದದ್ದು ಆ ಗಿಡವೊಂದೇ.

"ಇದರ ಬೇರು ನೋಡ್ಬೇಕು ಅಜ್ಜಿ. ಅಗೆದ್ರೆ ಗಿಡ ಉಳಿಯಲ್ಲ. ಆದ್ರೆ ಇದರ ಕಡ್ಡೀನೇ ಚಿಗುರಿಸಿ ಇದೇ ಗಿಡಾನ ವಾಪಸ್ ತಂದು ನೆಡ್ತೀನಿ" ಎಂದರು ಮಿಯೆನ್.

"ಇದೇ ಗಿಡಾನಾ?"

"ಇದೇನೇ."

"ಊರವರ ತೋಟ ಎಲ್ಲಾ ಹೋಗ್ತಾ ಇದೆ. ನನ್ನ ಮಗಳ ಗಿಡದಿಂದ ಅವರಿಗೊಂದು ದಾರಿ ಆಗೋದಾದ್ರೆ ಆಗಲಿ. ಮಾತು ತಪ್ಪಿದ್ರೆ ಮಾತ್ರ ನಮ್ಮನೆ ಏಣಿ ಹತ್ತಬೇಡ ಮಗಳೇ."

ಇಲ್ಲಿ ಆದ ತಪ್ಪು ಕಾಫಿಯವರಿಂದ ಮಾತ್ರ ಆಗಬಹುದಾದದ್ದು. ಕಾಫಿಯಲ್ಲಿ ನೆಟ್ಟಗೆ ಮೇಲೇಳುವ ಕಂಬಚಿಗುರಿನಿಂದ ಮಾಡಿದ ಕಡ್ಡಿ ಮಾತ್ರ ಗಿಡವಾಗಿ ನಿಲ್ಲುತ್ತದೆ. ಅಡ್ಡರೆಂಬೆಯ ಕಡ್ಡಿ ಬೇರು ಬಿಟ್ಟರೂ ಅಡ್ಡಡ್ಡವೇ ಬೆಳೆದು ನೆಲ ಹಿಡಿಯುತ್ತದೆ. ಹೊಸ ವರ್ಷದ ಹಬ್ಬಕ್ಕೆ ಮುಂಚೆ ತೋಟವನ್ನು ಚೊಕ್ಕ ಮಾಡುವ ರೂಢಿಯಂತೆ ಅಜ್ಜಿ ಕಂಬಚಿಗುರುಗಳನ್ನೆಲ್ಲ ಚಿವುಟಿ ಹಾಕಿದ್ದರು. ಮಳೆಗಾಲದವರೆಗೆ ಕಾದಿದ್ದರೆ ಹೊಸ ಚಿಗುರು ಬರುತ್ತಿತ್ತು. ಆದರೆ ರಾಜಧಾನಿಯಿಂದ ತಂಡ ಬರುವುದಿತ್ತು, ಮುಖ್ಯಸ್ಥರಿಗೆ ಬೇರು ಬೇಕಿತ್ತು. ಮಿಯೆನ್ ಅಡ್ಡರೆಂಬೆಗಳನ್ನೇ ಕತ್ತರಿಸಿಕೊಂಡರು, ಕಿತ್ತ ಬುಡವಾದರೂ ಚಿಗುರೀತೆಂದು ನಂಬಿದರು, ಗಿಡವನ್ನು ಅಗೆಸಿದರು. ಆಳೆತ್ತರಕ್ಕೂ ಮಿಕ್ಕಿ ಇಳಿದಿದ್ದ ಆ ಬೇರನ್ನು ನೋಡಿ ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಮತ್ತೆ ಹೂತ ಬುಡ ಚಿಗುರಲೇ ಇಲ್ಲ. ಕಡ್ಡಿಗಳು ಬದುಕಿದವು, ಆದರೆ ತಲೆಯೆತ್ತದೆ ಸಸಿತೋಟದ ನೆಲದಲ್ಲಿ ಹರಡಿಕೊಂಡವು.

ಅಲ್ಲಿಂದಾಚೆಗಿನ ಅವರ ಸೇವಾವಧಿಯೆಲ್ಲ, ಹೊರಗಿನವರಿಗೆ ಅದೆಷ್ಟೇ ಉಜ್ವಲವಾಗಿ ಕಂಡರೂ, ಆ ಒಂದು ಮಾತನ್ನು ಉಳಿಸಿಕೊಳ್ಳುವ ಪರದಾಟವೇ ಆಗಿತ್ತು. ನೆಲ ಹಿಡಿದ ಆ ಗಿಡಗಳು ಹೂಬಿಟ್ಟಾಗ ಅವುಗಳ ಪರಾಗವನ್ನು ಬೇರೆ ಗಿಡಗಳಿಗೆ ಸೇರಿಸಿದರು. ಹುಟ್ಟಿದ ಸಸಿಗಳು ನೆಟ್ಟಗೆ ಬೆಳೆದವು, ಆದರೆ ಒಂದರಂತೆ ಒಂದಿರಲಿಲ್ಲ. ಹ್ಲುವೆಯ ಗಿಡದ ಬೇರು ಯಾವ ಸಸಿಗೆ ಬಂದಿದೆಯೆಂದು ಕೀಳದೆ ತಿಳಿಯುವ ದಾರಿ ಬೇಕಿತ್ತು. ಡಿಎನ್ಎಯಲ್ಲಿ ಅದರ ಗುರುತುಗಳನ್ನು ಹುಡುಕಲು ಮೊದಲು ನೂರಾರು ಸಸಿಗಳನ್ನು ಕಿತ್ತು ಬೇರು ಅಳೆಯಲೇಬೇಕಾಯಿತು. ಅವನ್ನು ಕೀಳುವ ಕೆಲಸವನ್ನು ಅವರು ಯಾರಿಗೂ ವಹಿಸಲಿಲ್ಲ. ಗುರುತುಗಳು ಖಚಿತವಾದ ಮೇಲೆ ಉಗುರಗಲದ ಎಲೆಯ ಚೂರು ಸಾಕಾಯಿತು. ಅಷ್ಟರಲ್ಲಿ ಅವರ ಕೂದಲು ಬೆಳ್ಳಗಾಗಿತ್ತು. ಪ್ರತಿ ಹೊಸ ವರ್ಷಕ್ಕೂ ಅವರು ಆ ಹಳ್ಳಿಗೆ ಹೋಗಿ ಏಣಿಯ ಬುಡದಲ್ಲಿ ಕೂತು ಬರುತ್ತಿದ್ದರು, ಹತ್ತುತ್ತಿರಲಿಲ್ಲ. ಅಜ್ಜಿ ಮೇಲಿನಿಂದ ಕಹಿಬದನೆಯ ಪಲ್ಯ ಕಳಿಸುತ್ತಿದ್ದರು, ಕೆಳಗಿಳಿಯುತ್ತಿರಲಿಲ್ಲ.

ಕೊನೆಗೂ ಆರಿಸಿದ ಸಸಿಯನ್ನು ಹಿಡಿದು ಮಿಯೆನ್ ಏಣಿ ಹತ್ತಿದ ದಿನ ಅಜ್ಜಿಗೆ ಕಣ್ಣು ಪೂರ್ತಿ ಹೋಗಿತ್ತು. ಜೊತೆಗೆ ಹೋಗಿದ್ದ ನಾವು ಸಹೋದ್ಯೋಗಿಗಳು ಬಾಗಿಲಲ್ಲೇ ನಿಂತೆವು. ಅಜ್ಜಿ ಎಲೆಗಳನ್ನು ಸವರಿ ನೋಡಿದರು.

"ಇದು ಅದಲ್ಲ."

"ಅಲ್ಲ ಅಜ್ಜಿ. ಅದನ್ನ ನಾನು ಕಳೆದುಬಿಟ್ಟೆ. ಇದು ಅದರ ಮಗು. ಬೇರು ಮಾತ್ರ ಅದರದ್ದೇ."

"ಅಗೆದು ನೋಡಿದ್ಯಾ?"

"ಇಲ್ಲ. ಎಲೆಯಿಂದಾನೇ ಗೊತ್ತಾಗುತ್ತೆ ಈಗ."

"ಆವತ್ತೇ ಗೊತ್ತಾಗಿದ್ರೆ?"

ಮಿಯೆನ್ ಸಸಿಯ ಬುಡದ ಮಣ್ಣನ್ನು ಒತ್ತಿ ಸರಿಮಾಡಿದರು. ಅಜ್ಜಿಯೇ ಅವರ ಕೈ ಹುಡುಕಿ ಹಿಡಿದು, "ಹೋಗು, ನೆಟ್ಟು ಬಾ. ಆಮೇಲೆ ಇಲ್ಲೇ ಉಂಡ್ಕೊಂಡು ಹೋಗು" ಎಂದರು. ಆ ಸಸಿ ಮೊದಲ ಹೂ ಬಿಡುವ ಮುನ್ನವೇ ಅಜ್ಜಿ ತೀರಿಕೊಂಡರು. ಇಂದು ಅದರ ಕಂಬಚಿಗುರುಗಳಿಂದ ಬೆಳೆಸಿದ ಗಿಡಗಳು ಆ ಹಳ್ಳಿಯ ತೋಟಗಳಲ್ಲೆಲ್ಲ ಹಸಿರಾಗಿ ನಿಂತಿವೆ. ತಮ್ಮ ಸಾಧನೆಯೆಂದು ಮಿಯೆನ್ ಅದನ್ನು ಒಮ್ಮೆಯೂ ಹೇಳಿಕೊಂಡಿಲ್ಲ.

ಎಲೆಯಿಂದ ಬೇರನ್ನು ಗುರುತಿಸುವ ಬಗೆಗಿನ ಅವರ ಅತಿ ಮುಖ್ಯ ಪ್ರಬಂಧ ಈ ಸಂಪುಟದ ಪಟ್ಟಿಯಲ್ಲಿ ಯಾಕಿಲ್ಲವೆಂದು ಓದುಗರು ಕೇಳಬಹುದು. ಪ್ರಕಟಿಸಬೇಕಾದರೆ ಅಜ್ಜಿಯ ತೋಟದಲ್ಲಿ ನೆಟ್ಟ ಆ ತಾಯಿಗಿಡವನ್ನು ಅಗೆದು ಬೇರಿನ ಚಿತ್ರ ಕಳಿಸಬೇಕೆಂದು ಪತ್ರಿಕೆಯ ಪರಿಶೀಲಕರು ಕಳೆದ ಬೇಸಿಗೆಯಲ್ಲಿ ಪಟ್ಟು ಹಿಡಿದರು. ವಿಭಾಗದ ತರುಣ ವಿಜ್ಞಾನಿ ಥೂಕ್ ಗೋಗರೆದ: "ಒಂದು ಗಿಡ ತಾನೆ ಅಕ್ಕ? ಬೇಕಾದಷ್ಟು ಕಡ್ಡಿ ಇವೆಯಲ್ಲ. ನಿವೃತ್ತಿಗೆ ಮುಂಚೆ ದೊಡ್ಡ ಹೆಸರು ಬರುತ್ತೆ."

"ಒಂದು ಗಿಡ ತಾನೆ ಅಂತ ನಾನೂ ಒಂದ್ಸಲ ಅಂದ್ಕೊಂಡಿದ್ದೆ ಕಣೋ" ಎಂದು ಹೇಳಿ ಮಿಯೆನ್ ಪ್ರಬಂಧವನ್ನು ವಾಪಸು ಪಡೆದರು.

ನಮ್ಮ ಹಿರಿಯಕ್ಕನಿಗೆ ದೀರ್ಘಾಯುಷ್ಯವಿರಲಿ, ಆರೋಗ್ಯವಿರಲಿ, ಮನಸ್ಸಿಗೆ ಇನ್ನಾದರೂ ನೆಮ್ಮದಿ ಸಿಗಲಿ. ಅವರು ನೂರ್ಕಾಲ ಬಾಳಲಿ; ಆ ಗಿಡ ಅವರಿಗಿಂತ ಒಂದು ದಿನವಾದರೂ ಹೆಚ್ಚಿಗೆ ಬಾಳಲಿ.