ಹೊರಸುಗಳ ಸುತ್ತ ಸುಣ್ಣದ ಗೆರೆ

ಬೇಸಿಗೆ ನಡುವಿಗೆ ಬಂದಿತ್ತು. ಬೆಳಗಿನ ಆರು ಗಂಟೆ. ಆ ತಿಂಗಳಲ್ಲಿ ರಾಯಚೂರಿನ ಗಾಳಿ ತಂಪಾಗಿರುವುದು ಆ ಹೊತ್ತಿಗೆ ಮಾತ್ರ. ಗಿಲ್ಲೆಸುಗೂರಿನ ಮೊದಲ ಬಸ್ಸಿಳಿದು ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಹಿಂದಿನ ಮುಸಾಫಿರಖಾನೆಯ ಬಯಲಿಗೆ ಬಂದ ಜಿಲಾನಿ ಪಾಷಾ ಹಾಗೇ ನಿಂತುಬಿಟ್ಟರು. ಹಿಂದಿನ ಸಂಜೆ ಬೆನ್ನು ಬಗ್ಗಿಸಿ ಸುಣ್ಣದ ಪುಡಿಯಲ್ಲಿ ಎಳೆದಿದ್ದ ಗೆರೆಗಳ ಮೇಲೆ ಮುದುಕ ಮುದುಕಿಯರೆಲ್ಲ ಹಗ್ಗ ಹೆಣೆದ ಹೊರಸು ಹಾಕಿಕೊಂಡು ಮಲಗಿದ್ದಾರೆ. ಗೆರೆಗಳೆಲ್ಲ ಕಾಲಿಗೆ ಅಂಟಿ ಅಳಿಸಿಹೋಗಿವೆ. ಒಂಬತ್ತಕ್ಕೆ ನಗರಸಭೆಯ ಕಮಿಟಿಯವರು ಗೆರೆ ನೋಡಲು ಬರುವವರಿದ್ದರು.

ನಗರಸಭೆಯಲ್ಲಿ ಜಿಲಾನಿ ಅವರ ಕೆಲಸ ಇಷ್ಟೇ. ಯಾರಾದರೂ ಕಟ್ಟಡದ ನಕ್ಷೆ ಕೊಟ್ಟು ಪರವಾನಗಿ ಕೇಳಿದರೆ, ಆ ನಕ್ಷೆಯನ್ನು ಇದ್ದ ಅಳತೆಯಲ್ಲಿ ನೆಲದ ಮೇಲೆ ಬಿಡಿಸುವುದು. ಹಗ್ಗ, ಗೂಟ, ತಳಕ್ಕೆ ತೂತು ಹೊಡೆದ ಡಬ್ಬಿ, ಇವೇ ಸಾಮಾನು. ಕಾಗದ ನೋಡಿದರೆ ತಿಳಿಯದ ನೆರೆಹೊರೆಯವರು ಗೆರೆ ನೋಡಿ ತಕರಾರು ಹೇಳುತ್ತಾರೆ. ಕಮಿಟಿಯವರು ಗೆರೆಗಳ ನಡುವೆ ಅಡ್ಡಾಡಿ ಮಂಜೂರು ಮಾಡುತ್ತಾರೆ. ದಿನಕ್ಕೆ ಎರಡು ಜಾಗ, ಕೆಲವು ದಿನ ಮೂರು. ಮಾನ್ವಿ, ದೇವದುರ್ಗದಿಂದಲೂ ಕರೆ ಬರುತ್ತದೆ. ಗೋಡೆ ಎದ್ದ ಮೇಲೆ ಗೆರೆ ಎಳೆದವನನ್ನು ಕೇಳುವವರಿಲ್ಲ.

ಸುಣ್ಣಕ್ಕೆ ಜಿಲಾನಿಯವರ ಬೆರಳ ಸಂದಿಗಳು ಸುಟ್ಟು ಬಿರಿದಿವೆ. ಕುಸುಬಿ ಎಣ್ಣೆ ಹಚ್ಚಿದರೂ ಕೂಡುವುದಿಲ್ಲ. “ಖಾರ ತಾಗಿದ್ರ ಉರೀತದರಿ. ಅದಕ್ಕ ನಮ್ಮ ಮನ್ಯಾಕಿ ಸಪ್ಪನ ಬ್ಯಾಳಿ ಮಾಡ್ತಾಳ. ಉಣ್ಣೂಮುಂದ ಮಕ್ಳು ನನ್ನ ಬೈತಾವ,” ಎಂದು ನಗುತ್ತಾರೆ.

ಮುಸಾಫಿರಖಾನೆ ನಿಜಾಮರ ಕಾಲದ ಧರ್ಮಛತ್ರ. ದುಡಿದು ಸೋತ ಗಂಜಿನ ಹಮಾಲರು, ಯಾರೂ ಇಲ್ಲದ ಹೆಂಗಸರು ಅಲ್ಲಿ ಬಹಳ ವರ್ಷಗಳಿಂದ ಇದ್ದಾರೆ. ಮಾಳಿಗೆ ಕುಸಿಯುತ್ತಿತ್ತು. ಮಳೆಗಾಲಕ್ಕೆ ಮೊದಲು ಬೀಗ ಹಾಕಬೇಕೆಂದು ಆದೇಶವಾಗಿತ್ತು. ಊರಿನ ಕೆಲವರು ಕೂಡಿ ಅದೇ ಜಾಗದಲ್ಲಿ ಮುದುಕರಿಗೆಂದು ಹೊಸ ಮನೆ ಕಟ್ಟಿಸಲು ನಕ್ಷೆ ಕೊಟ್ಟಿದ್ದರು. ಮಂಜೂರಾದರೆ, ಕಟ್ಟುವ ತನಕ ಎಲ್ಲರೂ ಮಾನ್ವಿಯ ಒಂದು ಛತ್ರದಲ್ಲಿದ್ದು ತಿರುಗಿ ಬರಬಹುದು. ಆಗದಿದ್ದರೆ ಬೀಗ ಬೀಳುತ್ತದೆ, ಅವರವರ ದಾರಿ ಅವರವರಿಗೆ. ದೇವದುರ್ಗದ ಸುತ್ತ ತಲೆಯ ಮೇಲೆ ಬಳೆ ಹೊತ್ತು ಮಾರಿದ ಬಡೇಬೀ ಅವರಿಗೆ ಇನ್ನೊಂದು ದಾರಿಯೇ ಇರಲಿಲ್ಲ. “ನಾ ಯಾರ ಮನಿ ಬಾಗ್ಲ ಬಡೀಲಿ ಬೇಟಾ?” ಎಂದು ಹಿಂದಿನ ಸಂಜೆಯೇ ಜಿಲಾನಿಯವರನ್ನು ಕೇಳಿದ್ದರು.

ಆ ಬೆಳಿಗ್ಗೆ ಮೊದಲು ಎದ್ದು ಕುಳಿತವರು ಅಲ್ಲಿಯ ಮುದುಕಿ ಶರಣಮ್ಮ. “ಲೇ ಪಾಷಾ, ಸಾಲಾಗಿ ಖೋಲಿ ಬರದೀದಿ. ಗಾಳಿ ಎಲ್ಲಿ ಬರದೀದೀ?”

“ಯವ್ವಾ, ನಕ್ಷಾದ ಪ್ರಕಾರ ನೀ ಈಗ ಮಲಗಿದ್ದು ದಫ್ತರದಾಗ. ಸಾಹೇಬ್ರ ಮೇಜಿನ ಮ್ಯಾಲ.”

“ಹಂಗಾದ್ರ ನನ್ನ ಕಾಲಾಗ ಕುಂದ್ರು ಅಂತ ಹೇಳು ನಿಮ್ಮ ಸಾಹೇಬಗ.”

ಬಿಸಿಲೂರಿನವರು ಬೇಸಿಗೆಯಲ್ಲಿ ಒಳಗೆ ಮಲಗುವುದಿಲ್ಲ. ಹೊಸ ಮನೆ ತಮ್ಮದೇ ಎಂದು ನಂಬಿ ಗೆರೆಯೊಳಕ್ಕೆ ಹೊರಸು ತಂದವರು, ಗಾಳಿ ಬೀಸುವ ನಡುಜಾಗಕ್ಕೆ ಸರಿದು ಮಲಗಿಬಿಟ್ಟಿದ್ದರು. ಬಹಳ ಮಂದಿ ಇನ್ನೂ ನಿದ್ದೆಯಲ್ಲಿದ್ದರು. ಜಿಲಾನಿ ಡಬ್ಬಿ ತುಂಬಿಕೊಂಡು ಒಂದೊಂದು ಹೊರಸಿನ ಸುತ್ತಲೂ ಸುಣ್ಣ ಉದುರಿಸಿದರು.

“ಖಾಲಿ ಬಯಲು ತೋರ್ಸಿದ್ರ ಕಮಿಟಿ ವಾಪಸ್ ಹೋಗ್ತದರಿ. ಮಲಗಿದವ್ರನ್ನ ಎಬ್ಬಸಾಕ ಮನಸ್ಸಾಗ್ಲಿಲ್ಲ. ಏನಾರ ಒಂದು ಗೆರಿ ಇರ್ಲಿ ಅಂತ ಹಾಕ್ದೆ,” ಎನ್ನುತ್ತಾರೆ.

ನಗರಸಭೆಯ ಇಂಜಿನಿಯರ್ ವೆಂಕಣ್ಣ ಬಂದು ನೋಡಿ ಕೂಗಾಡಿದರು. “ಏನಲೇ ಪಾಷಾ, ಗೋರಿ ಹಾಕೀಯೇನು? ಇವತ್ತು ಮಂಜೂರಾಗಲಿಲ್ಲಂದ್ರ ಮುಂದಿನ ಸಭಾ ಮಳಿಗಾಲದಾಗ!”

ಹೊರಸಿನ ಮೇಲೆ ಕೂತೇ ಬಡೇಬೀ ಹೇಳಿದರು, “ಗೋರ್ಯಾಗ ಇಷ್ಟು ಗಾಳಿ ಬರ್ತದೇನು ಸಾಹೇಬ್?”

ಕಮಿಟಿಯವರ ಹಿಂದೆಯೇ ಪಕ್ಕದ ಅಕ್ಕಿ ಗಿರಣಿಯ ರಾಮಲಿಂಗಪ್ಪ ಬಂದರು. ತಕರಾರು ಇದ್ದದ್ದು ಅವರೊಬ್ಬರದೇ. ನಕ್ಷೆಯಲ್ಲಿ ಹೊಸ ಖೋಲಿಗಳ ಕಿಟಕಿ ಗಿರಣಿಯ ಕಡೆಗಿದ್ದವು. ಹೊಟ್ಟಿನ ಧೂಳು ಒಳಗೆ ಬಿದ್ದರೆ ನಾಳೆ ಗಿರಣಿಯನ್ನೇ ಮುಚ್ಚಿಸುತ್ತಾರೆ ಎಂಬ ಹೆದರಿಕೆ. ಹೊರಸುಗಳ ಸುತ್ತ ಒಂದು ಸಲ ತಿರುಗಾಡಿದರು. ಎಲ್ಲವೂ ನಡುವೆ, ಗಿರಣಿಗೆ ಬೆನ್ನು ಮಾಡಿ ಇದ್ದವು.

“ಇವ್ರು ಹಿಂಗ ಮಲಗೋರಿದ್ರ ನನ್ನ ತಕರಾರು ಏನದರಿ? ನನ್ನ ಕಡಿ ಗ್ವಾಡಿ ಇರ್ಲಿ, ಕಿಡಕಿ ಬ್ಯಾಡ,” ಎಂದರು.

ವೆಂಕಣ್ಣ ಸಿಟ್ಟು ಮರೆತು ಜೀಪಿನ ಮೇಲೆ ನಕ್ಷೆ ಹರಡಿದರು. ನಡುವೆ ತೆರೆದ ಅಂಗಳ, ಸುತ್ತ ಖೋಲಿ, ಗಿರಣಿಯ ಕಡೆಗೆ ಬರೀ ಗೋಡೆ ಎಂದು ಪೆನ್ಸಿಲ್ಲಿನಲ್ಲಿ ಗೀಚಿದರು. “ನಾನೂ ಮನ್ಯಾಗ ಮಾಳಗಿ ಮ್ಯಾಲ ಮಲಗಾಂವ. ಇದು ಹ್ಯಾಂಗ ಮರತೆ?” ಎಂದು ತಾವೇ ನಕ್ಕರು. ಕಮಿಟಿ ಅಲ್ಲೇ ಒಪ್ಪಿತು. ವಾರದೊಳಗೆ ಮಂಜೂರಾತಿಯ ಮೊಹರು ಬಿತ್ತು.

ಈಗ ಜಿಲಾನಿ ಅಲ್ಲಿ ಹೊಸ ನಕ್ಷೆಯ ಪಾಯಕ್ಕೆ ಗುರುತು ಹಾಕುತ್ತಿದ್ದಾರೆ. ಏನಾದರೂ ಆಸೆ ಇದೆಯೇ ಎಂದರೆ ಡಬ್ಬಿ ಕೆಳಗಿಟ್ಟು ಯೋಚಿಸುತ್ತಾರೆ. “ಇಷ್ಟು ಮನಿಗೆ ಗೆರಿ ಹಾಕೀನಿ, ಯಾವ ಮನಿ ಒಳಗೂ ಕರದಿಲ್ಲರಿ. ಇಲ್ಲಿ ಅಂಗಳದಾಗ ಒಂದು ಚಾ ಕುಡೀಬೇಕು. ಶರಣಮ್ಮವ್ವ ಈಗಲೇ ಹೇಳ್ಯಾಳ, ಸಕ್ರಿ ನೀನೇ ತರಬೇಕು ಅಂತ.”

ಪಾಯದ ಗುರುತಿಗೆ ಮೊದಲೇ ಮುದುಕರೆಲ್ಲ ಒಬ್ಬೊಬ್ಬರಾಗಿ ಮಾನ್ವಿಯ ಛತ್ರಕ್ಕೆ ಹೋಗಿದ್ದರು. ಬಡೇಬೀ ಮಾತ್ರ ಏಳಲೊಲ್ಲರು. ಹೋದವರನ್ನು ತಿರುಗಿ ಕರೆಯುತ್ತಾರೆಂಬ ನಂಬಿಕೆ ಅವರಿಗಿರಲಿಲ್ಲ. ಜಿಲಾನಿ ಪಕ್ಕದಲ್ಲಿ ಕೂತು ಮಂಜೂರಾದ ಕಥೆಯನ್ನು ಮತ್ತೊಮ್ಮೆ ಹೇಳಿದರು. ಕೊನೆಗೆ ಬಡೇಬೀಯವರೇ ಒಂದು ಉಪಾಯ ಹೂಡಿದರು.

“ನನ್ನ ಹೊರಸು ಗಿರಣ್ಯಾಗ ಇರ್ಲಿ ಬೇಟಾ. ಮನಿಶ್ಯಾರನ್ನ ಮರೀತಾರ. ಸಾಮಾನ ಕಾಲಿಗೆ ಅಡ್ಡ ಬಂತಂದ್ರ ನೆನಪಾಗ್ತದ.”

ರಾಮಲಿಂಗಪ್ಪ ಹೊರಸು ಇಟ್ಟುಕೊಳ್ಳಲು ಒಪ್ಪಿ, ಅವರನ್ನು ಮಾನ್ವಿಗೆ ಹೋಗುವ ತಮ್ಮ ಲಾರಿಯಲ್ಲೇ ಮುಂದೆ ಕೂರಿಸಿದರು. ಬಡೇಬೀ ಎಲೆ ಅಡಿಕೆ ಜಗಿಯುತ್ತ, ಡ್ರೈವರನಿಗೆ ನಿಧಾನ ಹೊಡಿ ಎಂದು ಗದರುತ್ತ ಹೊರಟರು. ಎಲ್ಲರಿಗಿಂತ ಕೊನೆಗೆ ಹೋದವರು ಅವರೇ.